ನನ್ನ ಅಕ್ಕನನ್ನು ಕಸಿದುಕೊಂಡ ಕುದುರೆ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮೂರ ಮೇಲೆ ವಿಮಾನಗಳು ಹಾರುತ್ತಿರಲಿಲ್ಲ. ವಿಮಾನ ನಿಲ್ದಾಣ ಬರುತ್ತದಂತೆ ಎಂಬ ಮಾತು ಮಾತ್ರ ಮನೆಯಿಂದ ಮನೆಗೆ ಹಾರುತ್ತಿತ್ತು. ದೇವನಹಳ್ಳಿಗೆ ಹೋಗುವ ದಾರಿಯ ಎರಡೂ ಬದಿಗೆ ಆಗ ರಾಗಿ ಹೊಲ, ದ್ರಾಕ್ಷಿ ತೋಟ. ಯಾರೋ ಬಂದು ಅಳತೆ ಮಾಡಿ, ಬದುಗಳ ಮೇಲೆ ಸುಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದರು. ಹೊಲ ಉಳಿಯುತ್ತದೋ ಹೋಗುತ್ತದೋ ತಿಳಿಯದೆ ಕೆಲವರು ಬಿತ್ತುವುದನ್ನೇ ನಿಲ್ಲಿಸಿದರು. ಹಾಗೆ ಬೀಳು ಬಿದ್ದ ಹೊಲಗಳಲ್ಲಿ ಹುಲ್ಲು ನನ್ನ ಸೊಂಟದೆತ್ತರಕ್ಕೆ ಬೆಳೆಯಿತು. ನಾನು ಈಗ ಹೇಳಲಿರುವ ಕುದುರೆ ಬಂದದ್ದು ಆ ಹುಲ್ಲಿನೊಳಗಿಂದ.

ನಿಮ್ಮ ಅಜ್ಜಿ ನನ್ನ ಅಕ್ಕ. ಅದಕ್ಕೇ ನೀವು ನನ್ನನ್ನು ಚಿಕ್ಕಜ್ಜಿ ಎನ್ನುತ್ತೀರಿ. ನನ್ನ ತಲೆಯಲ್ಲಿ ಬೆಳ್ಳಿ ಕೂದಲು ಮೂಡುವ ಮೊದಲೇ ಅಜ್ಜಿ ಮಾಡಿಬಿಟ್ಟಿರಿ, ಇರಲಿ. ಆಗ ಅಕ್ಕ ಎಂಟನೇ ಕ್ಲಾಸು, ನಾನು ಮೂರನೇ ಕ್ಲಾಸು. ಅಕ್ಕ ನನ್ನವಳಾಗಿದ್ದಳು. ಹೀಗೆ ಹೇಳಿದರೆ ನಿಮಗೆ ನಗು ಬರಬಹುದು, ಆದರೆ ನನಗೆ ಅದು ಸೂರ್ಯ ಹುಟ್ಟುವಷ್ಟೇ ಖಚಿತವಾದ ಸಂಗತಿಯಾಗಿತ್ತು. ನನ್ನ ತಲೆಗೆ ಹರಳೆಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಮಡಿಸಿ ಕಟ್ಟುವವಳು ಅವಳು. ಸ್ಕೂಲಿಗೆ ಹೋಗುವಾಗ ನಾನು ಅವಳ ಲಂಗದ ತುದಿ ಹಿಡಿದುಕೊಂಡೇ ನಡೆಯಬೇಕು. ಮಲಗುವಾಗ ಒಂದೇ ಕಂಬಳಿ. ಅವಳು ನನ್ನ ಕಡೆ ಮುಖ ಮಾಡಿದರೆ ಮಾತ್ರ ನನಗೆ ನಿದ್ದೆ.

ಆ ಕುದುರೆಯ ತಾಯಿ ದೇವನಹಳ್ಳಿಯಲ್ಲಿ ಜಟಕಾ ಎಳೆಯುತ್ತಿತ್ತಂತೆ. ಆಟೋ, ಟೆಂಪೋ ಬಂದ ಮೇಲೆ ಜಟಕಾ ಹತ್ತುವವರೇ ಇಲ್ಲವಾದರು. ಅದನ್ನು ಸಾಕಿದ್ದ ಮುದುಕರು ಮಾರಲು ಮನಸ್ಸಾಗದೆ, ಹುಲ್ಲು ಕಂಡಲ್ಲಿ ಮೇದುಕೊಂಡಿರಲಿ ಎಂದು ಆ ಬೀಳು ಹೊಲಗಳಲ್ಲಿ ಬಿಟ್ಟು ಹೋದರು. ಅದು ಅಲ್ಲೇ ಒಂದು ಹೆಣ್ಣು ಮರಿ ಹಾಕಿತು. ಕೆಲವು ತಿಂಗಳಿಗೆ ತಾಯಿ ಸತ್ತಿತು. ಮರಿ ಮಾತ್ರ ಹುಲ್ಲು ಮೇಯುತ್ತಾ, ಕುಂಟೆಯಲ್ಲಿ ನಿಂತ ಮಳೆನೀರು ಕುಡಿಯುತ್ತಾ, ಹಗ್ಗವೆಂದರೇನು, ಮನುಷ್ಯರ ಕೈ ಎಂದರೇನು ಎಂಬುದನ್ನೇ ಅರಿಯದೆ ಕಾಡುಪ್ರಾಣಿಯ ಹಾಗೆ ಬೆಳೆಯಿತು. ನಾವು ಕಾಣುತ್ತಿದ್ದದ್ದು ದೂರದಲ್ಲಿ ಹುಲ್ಲಿನ ಮೇಲೆ ತೇಲುವ ಒಂದು ಕೆಂಚು ಬೆನ್ನನ್ನು ಮಾತ್ರ. ಹತ್ತಿರ ಹೋದರೆ ಧೂಳೆಬ್ಬಿಸಿಕೊಂಡು ಮಾಯ. ಎಳೆ ರಾಗಿ ಪೈರಿಗೆ ಬಾಯಿ ಹಾಕುತ್ತದೆಂದು ಊರಿನವರು ಕಂಡಾಗಲೆಲ್ಲ ಕಲ್ಲು ಬೀಸುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮ ದ್ರಾಕ್ಷಿ ತೋಟದಿಂದ ಕೂಗಾಟ ಕೇಳಿಸಿತು. ಓಡಿ ಹೋಗಿ ನೋಡಿದರೆ, ಚಪ್ಪರದಿಂದ ಕಳಚಿ ಬಿದ್ದಿದ್ದ ತಂತಿಯಲ್ಲಿ ಕುದುರೆಯ ಹಿಂಗಾಲು ಸಿಕ್ಕಿಕೊಂಡಿತ್ತು. ಅದು ಜಗ್ಗಿದಷ್ಟೂ ತಂತಿ ಮಾಂಸದೊಳಕ್ಕೆ ಇಳಿಯುತ್ತಿತ್ತು. ಉದುರಿದ ದ್ರಾಕ್ಷಿಯ ಹುಳಿ ವಾಸನೆ, ಅದರ ಜೊತೆಗೆ ರಕ್ತದ ವಾಸನೆ. ಅಪ್ಪ ಅದರ ತಲೆಯ ಮೇಲೆ ಗೋಣಿಚೀಲ ಹಾಕಿ, ಪಕ್ಕದ ತೋಟದವರ ಕೈಲಿ ಬಿಗಿಯಾಗಿ ಹಿಡಿಸಿ, ಇಕ್ಕಳದಿಂದ ತಂತಿ ಕತ್ತರಿಸಿದರು. ಅಷ್ಟರಲ್ಲಿ ಅದು ಅಪ್ಪನ ತೊಡೆಗೆ ಒಂದು ಒದೆ ಕೊಟ್ಟಿತ್ತು.

"ಹೊಸಕೋಟೆ ಕಡೆ ಇಟ್ಟಿಗೆ ಗೂಡಿನವನು ಇಂಥವನ್ನ ತಗೋತಾನೆ. ಮಣ್ಣು ಹೊರೋದಕ್ಕೆ ಆಗುತ್ತೆ. ಹೇಳಿ ಕಳಿಸ್ಲಾ?" ಎಂದರು ಪಕ್ಕದ ತೋಟದವರು.

"ಕಾಲು ವಾಸಿಯಾಗೋ ತನಕನಾದ್ರೂ ಇಟ್ಕೊಳೋಣ, ಅಪ್ಪಾ," ಎಂದಳು ಅಕ್ಕ. ಅಪ್ಪ ತೊಡೆ ಉಜ್ಜಿಕೊಳ್ಳುತ್ತಾ ಅವಳ ಮುಖ ನೋಡಿದರು. ಅಕ್ಕ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅಪ್ಪ ಹೂಂ ಅಂದುಬಿಟ್ಟರು.

ಹಿತ್ತಲಲ್ಲಿ ಕುರಿಗಳಿಗೆಂದು ಕಟ್ಟಿಸಿದ್ದ ಹಳೆಯ ಕಲ್ಲು ದೊಡ್ಡಿಯೊಂದು ಖಾಲಿ ಬಿದ್ದಿತ್ತು. ಕುದುರೆಯನ್ನು ಅದರೊಳಗೆ ಬಿಟ್ಟರು. ಅಪ್ಪ ಉದ್ದನೆಯ ಕೋಲಿನ ತುದಿಗೆ ಬಟ್ಟೆ ಸುತ್ತಿ, ಬೇವಿನೆಣ್ಣೆ ಅರಿಶಿನದಲ್ಲಿ ಅದ್ದಿ, ಗೋಡೆಯಾಚೆ ನಿಂತೇ ಗಾಯಕ್ಕೆ ಸವರುತ್ತಿದ್ದರು. ಯಾರು ಹತ್ತಿರ ಹೋದರೂ ಅದು ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿತ್ತು. ಅಕ್ಕ ಅದಕ್ಕೆ ಕೆಂಚಿ ಎಂದು ಹೆಸರಿಟ್ಟಳು. ನನಗೂ ಮೊದಮೊದಲು ಖುಷಿಯೇ. ಊರಿನಲ್ಲಿ ಯಾರ ಮನೆಯಲ್ಲೂ ಕುದುರೆ ಇರಲಿಲ್ಲವಲ್ಲ!

ನನ್ನ ಹೊಟ್ಟೆಯಲ್ಲಿ ಉರಿ ಹತ್ತಿಕೊಂಡದ್ದು ಅಕ್ಕ ದೊಡ್ಡಿಯೊಳಗೆ ಕೂರಲು ಶುರು ಮಾಡಿದ ಮೇಲೆ. ಸ್ಕೂಲಿನಿಂದ ಬಂದವಳೇ ಅವಳು ಬೇಯಿಸಿದ ಹುರುಳಿಯನ್ನು ಬೋಗುಣಿಯಲ್ಲಿ ಹಾಕಿಕೊಂಡು ಹೋಗಿ, ಕುದುರೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತುಬಿಡುತ್ತಿದ್ದಳು. ಮಾತಿಲ್ಲ, ಕರೆಯುವುದಿಲ್ಲ, ತಿರುಗಿ ನೋಡುವುದೂ ಇಲ್ಲ. ಹುರುಳಿಯ ಬಿಸಿ ಆವಿ ಆರಿ ತಣ್ಣಗಾಗುತ್ತಿತ್ತು. ಕುದುರೆ ಆಚೆ ಮೂಲೆಯಲ್ಲಿ, ಅಕ್ಕ ಈಚೆ ಮೂಲೆಯಲ್ಲಿ. ಹೊತ್ತು ಮುಳುಗಿದ ಮೇಲೆ ಬೋಗುಣಿಯನ್ನು ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದಳು. ಗೋಡೆಯಾಚೆ ಕಾದು ಕೂತಿದ್ದ ನಾನು ಅವಳ ಕೈ ಹಿಡಿಯಲು ಹೋದರೆ, ಅವಳ ಕಣ್ಣು ಇನ್ನೂ ಹಿಂದಕ್ಕೇ ಇರುತ್ತಿತ್ತು.

ದಿನ ಕಳೆದಂತೆ ಕೆಂಚಿ ಒಂದೊಂದೇ ಹೆಜ್ಜೆ ಹತ್ತಿರ ಬಂದಿತು. ಅಕ್ಕ ಮಿಸುಕಲಿಲ್ಲ. ಒಂದು ಸಂಜೆ ಅದು ಕತ್ತು ನೀಡಿ, ಅವಳ ಭುಜದ ಮೇಲಿನಿಂದ ಮೂತಿ ಇಳಿಸಿ ಹುರುಳಿ ತಿಂದಿತು. ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಕ್ಲಾಸಿಗೇ ಮೊದಲು ಬಂದಾಗಲೂ ಅಕ್ಕ ಹಾಗೆ ಅತ್ತಿರಲಿಲ್ಲ.

ಆಮೇಲಂತೂ ಕೇಳಬೇಡಿ. ಕೆಂಚಿಯ ಭುಜ ಸವರಿದಳು, ಕತ್ತು ಸವರಿದಳು, ಗಾಯದ ಕಾಲನ್ನೂ ಮುಟ್ಟಿದಳು. ಅಮ್ಮನ ಹಳೆಯ ಹತ್ತಿ ಸೀರೆಯನ್ನು ಸೀಳಿ ಮೆತ್ತನೆಯ ಹಗ್ಗ ಹೊಸೆದು, ಕುದುರೆಗೆ ಮೊದಲು ಅದನ್ನು ಮೂಸಲು ಕೊಟ್ಟು, ಕತ್ತಿನ ಮೇಲೆ ಸುಮ್ಮನೆ ಇಳಿಬಿಟ್ಟು, ಭಯ ಹೋದ ಮೇಲೆ ಕಟ್ಟಿದಳು. ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿದರೆ ಬರಬೇಕು, ಅಂಗೈ ತೋರಿಸಿದರೆ ನಿಲ್ಲಬೇಕು. ಖಾಲಿ ಗೋಣಿಚೀಲವನ್ನು ಬೆನ್ನ ಮೇಲೆ ಹಾಕಿ ತೆಗೆದು, ಹಾಕಿ ತೆಗೆದು ಭಾರದ ಅಭ್ಯಾಸ ಮಾಡಿಸಿದಳು. ಗಾಯ ಮಾಯ್ದು ಕಾಲು ಸರಿಹೋಯಿತು. ಇಟ್ಟಿಗೆ ಗೂಡಿನವನ ಮಾತನ್ನು ಅಪ್ಪ ಎತ್ತಲಿಲ್ಲ. ಅಕ್ಕ ಬೀಳು ಹೊಲಗಳಲ್ಲಿ ನಡೆದರೆ ಕೆಂಚಿ ಹಗ್ಗವನ್ನು ಎಳೆಯದೆ ಅವಳ ಪಕ್ಕದಲ್ಲೇ ನಡೆಯುತ್ತಿತ್ತು. ಆದರೆ ಅಪ್ಪ ಹತ್ತಿರ ಹೋದರೆ ಕಿವಿ ಹಿಂದಕ್ಕೆ, ನಾನು ಹೋದರೆ ಹಲ್ಲು ಹೊರಗೆ.

ನನ್ನ ಪಾಡು ನೋಡಿ. ಜಡೆ ಒಂದು ಮೇಲೆ, ಒಂದು ಕೆಳಗೆ. ಸ್ಕೂಲಿನಲ್ಲಿ ಹುಡುಗಿಯರು, "ಯಾಕೇ, ಕಣ್ಮುಚ್ಕೊಂಡು ತಲೆ ಬಾಚ್ಕೊಂಡ್ಯಾ?" ಎಂದು ಕೇಳುತ್ತಿದ್ದರು. ಕಂಬಳಿಯೊಳಗೆ ಅಕ್ಕನ ಮೈಯಿಂದ ಸೀಗೆಕಾಯಿಯ ಬದಲು ಕುದುರೆಯ ಬೆವರಿನ ವಾಸನೆ. ಕಥೆ ಹೇಳು ಎಂದರೆ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು. ನನಗೆ ಕೊಡುತ್ತಿದ್ದ ಬೆಲ್ಲದ ಚೂರು ಈಗ ಕೆಂಚಿಯ ಬಾಯಿಗೆ. ಒಂದು ಸಂಜೆ ನಾನು ಸುಳ್ಳುಸುಳ್ಳೇ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಾಡಿದೆ. ಅಕ್ಕ ಓಡಿ ಬಂದಳು, ಜೀರಿಗೆ ಕಷಾಯ ಕಾಯಿಸಿ ಕುಡಿಸಿದಳು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸ್ವರ್ಗವೇ ಸಿಕ್ಕಿತು ಅಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನಿಂದ ಕೆಂಚಿ ಕೆನೆಯಿತು. ಅಕ್ಕ ನನ್ನ ತಲೆಯ ಕೆಳಗೆ ದಿಂಬು ತುರುಕಿ, "ಈಗ್ಲೇ ಬಂದೆ ಪುಟ್ಟಿ," ಎಂದು ಎದ್ದು ಹೋದಳು. ಕಷಾಯದ ಕಹಿ ಬಾಯಲ್ಲಿ ಹಾಗೇ ಉಳಿಯಿತು.

ಅಕ್ಕ ಸಿಗದಿದ್ದರೆ ಹೋಗಲಿ, ಆ ಕುದುರೆಯನ್ನಾದರೂ ನನ್ನ ಕಡೆ ಮಾಡಿಕೊಳ್ಳುತ್ತೇನೆ, ಆಗ ಅಕ್ಕನಿಗೂ ಗೊತ್ತಾಗಲಿ ಎಂದು ನಾನೂ ಹುರುಳಿ ಹಿಡಿದು ದೊಡ್ಡಿಯಲ್ಲಿ ಕೂತೆ. ಬೆನ್ನು ಮಾಡಿಯೇ ಕೂತೆ. ಆದರೆ ಬಾಯಿ ಸುಮ್ಮನಿರಬೇಕಲ್ಲ! "ಬಾರೇ ಕೆಂಚಿ, ತಿನ್ನೇ ಕೆಂಚಿ," ಎಂದು ಪುಸಲಾಯಿಸುತ್ತಾ, ಕ್ಷಣಕ್ಕೊಮ್ಮೆ ತಿರುಗಿ ನೋಡುತ್ತಾ ಇದ್ದೆ. ಅದು ಒಮ್ಮೆ ಜೋರಾಗಿ ಸೀನಿ, ಬಾಲ ನನ್ನ ಕಡೆ ತಿರುಗಿಸಿ ನಿಂತಿತು. ಗೋಡೆಯಾಚೆ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆವತ್ತಿನಿಂದ ನನಗೆ ಇಬ್ಬರ ಮೇಲೂ ಹೊಟ್ಟೆಕಿಚ್ಚು.

ಅವರೆಕಾಯಿ ಕಾಲದಲ್ಲಿ ಅಕ್ಕ ದೊಡ್ಡವಳಾದಳು. ಹುಡುಗಿಯರ ಮೈ ಬೆಳೆದು ಹೆಂಗಸಾಗಲು ತೊಡಗುವ ಹೊತ್ತು ಅದು. ಈಗ ನಿಮ್ಮ ಸ್ಕೂಲಿನಲ್ಲೇ ಪಾಠ ಮಾಡಿ ತಿಳಿಸುತ್ತಾರೆ. ಆಗ ನಮ್ಮ ಕಡೆ ಹುಡುಗಿಯನ್ನು ಗುಡ್ಲಿನಲ್ಲಿ ಕೂರಿಸುತ್ತಿದ್ದರು. ಸೋದರಮಾವ ಬಂದು ಅಂಗಳದ ಮೂಲೆಯಲ್ಲಿ ತೆಂಗಿನ ಗರಿ, ಹಲಸಿನ ಸೊಪ್ಪುಗಳಿಂದ ಪುಟ್ಟ ಗುಡಿಸಲು ಕಟ್ಟಿದರು. ಅದೇ ಗುಡ್ಲು. ಶಾಸ್ತ್ರ ಮುಗಿಯುವ ತನಕ ಅಕ್ಕ ಅದರೊಳಗೇ ಇರಬೇಕು, ಯಾರೂ ಮುಟ್ಟುವ ಹಾಗಿಲ್ಲ, ಅವಳು ಹೊರಗೆ ಬರುವ ಹಾಗಿಲ್ಲ.

ನೆಂಟರು ಬರತೊಡಗಿದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ, ಹಸಿರು ಬಳೆ, ಜರಿ ಅಂಚಿನ ಲಂಗ ದಾವಣಿ, ಎಲ್ಲ ಅಕ್ಕನಿಗೆ. ಸಂಜೆ ಗುಡ್ಲಿನ ಬಾಗಿಲಲ್ಲೇ ಹಸೆಯ ಮೇಲೆ ಕೂರಿಸಿ ಆರತಿ ಎತ್ತುತ್ತಿದ್ದರು. ನನ್ನನ್ನು ಕೇಳುವವರಿಲ್ಲ. "ಪಕ್ಕಕ್ಕೆ ಸರಿಯಮ್ಮ, ಆರತಿ ತಟ್ಟೆ ತಗಲುತ್ತೆ," ಎಂದು ಅತ್ತೆ ನನ್ನನ್ನು ತಳ್ಳಿದರು. ಅತ್ತೆ ಎಂದರೆ ಅಪ್ಪನ ಅಕ್ಕ. ಶಾಸ್ತ್ರವೆಲ್ಲ ಅವರ ಯಜಮಾನಿಕೆಯಲ್ಲೇ ನಡೆಯಬೇಕು. ಕುದುರೆಯೂ ಅಕ್ಕನದೇ, ಚಿಗಳಿಯೂ ಅಕ್ಕನದೇ, ಊರೇ ಅಕ್ಕನದು!

ಆದರೆ ಹಿತ್ತಲಿನಲ್ಲಿ ಕೆಂಚಿ ಮೇವು ಬಿಟ್ಟಿತ್ತು. ಹುಲ್ಲು ಹಾಕಿದರೆ ಮೂಸಿ ನೋಡಲಿಲ್ಲ, ಹುರುಳಿಯ ಬೋಗುಣಿಯನ್ನು ಕಾಲಿನಿಂದ ಉರುಳಿಸಿತು. ಬಾಗಿಲ ಕಡೆ ಮುಖ ಮಾಡಿ ಕೆನೆಯುವುದು, ಸುಮ್ಮನಾಗುವುದು, ಮತ್ತೆ ಕೆನೆಯುವುದು. ಅದು ಕೆನೆದಾಗಲೆಲ್ಲ ಗುಡ್ಲಿನೊಳಗೆ ಬಳೆ ಸದ್ದಾಗುತ್ತಿತ್ತು. ಅಕ್ಕ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು.

ಹೀಗೇ ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಅಪ್ಪ ಮಾವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

"ಇನ್ಮೇಲೆ ಮಗಳನ್ನ ಹೊಲ ಹುಲ್ಲು ಅಂತ ಒಬ್ಬಳೇ ಅಲೆಯಕ್ಕೆ ಬಿಡಕ್ಕಾಗಲ್ಲ. ಆ ಕುದುರೆ ನೋಡಿದ್ರೆ ಅವಳನ್ನ ಬಿಟ್ಟು ಇನ್ಯಾರನ್ನೂ ಹತ್ರ ಸೇರಿಸ್ತಿಲ್ಲ. ನಮ್ಮನೇಲಿ ಉಪವಾಸ ಸಾಯೋದು ಬೇಡ. ಇಟ್ಟಿಗೆ ಗೂಡಿನವನಿಗೆ ಹೇಳಿ ಕಳಿಸಿದೀನಿ, ಸಂಜೆ ಬರ್ತಾನೆ."

ಮಾವ, "ಪಾಪ, ಮೂಕಪ್ರಾಣಿ," ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಕುದುರೆ ಹೋಗುತ್ತದೆ, ಅಕ್ಕ ನನ್ನವಳಾಗುತ್ತಾಳೆ! ಹೇಳಲೆಂದು ಗುಡ್ಲಿನ ಹತ್ತಿರ ಓಡಿದೆ. ಗರಿಗಳ ಸಂದಿಯಿಂದ ನೋಡಿದರೆ ಅಕ್ಕ ಮೊಣಕಾಲಿನಲ್ಲಿ ಮುಖ ಹುದುಗಿಸಿ ಕೂತಿದ್ದಳು. ಪಕ್ಕದಲ್ಲಿ ಚಿಗಳಿಯ ತಟ್ಟೆ ಮುಟ್ಟದೆ ಹಾಗೇ ಇತ್ತು, ಇರುವೆ ಹತ್ತಿತ್ತು. ಅಪ್ಪನ ಮಾತು ಅವಳಿಗೂ ಕೇಳಿಸಿತ್ತು.

ಅವಳನ್ನು ಹಾಗೆ ನೋಡುತ್ತಾ ನಿಂತಾಗ ನನಗೊಂದು ಸಂಗತಿ ಹೊಳೆಯಿತು. ಕೆಂಚಿ ಹೋದರೂ ಅಕ್ಕ ನನಗೆ ಸಿಗುವುದಿಲ್ಲ. ಇಟ್ಟಿಗೆ ಗೂಡಿನಲ್ಲಿ ಅದು ಮಣ್ಣು ಹೊರುತ್ತಿದೆ ಎಂದುಕೊಂಡು ದಿನವೂ ಅಳುತ್ತಾಳೆ. ಎದುರಿಗಿರುವ ಕುದುರೆಯ ಜೊತೆಯಾದರೂ ಜಗಳವಾಡಬಹುದು, ಹೋಗಿಬಿಟ್ಟ ಕುದುರೆಯ ಜೊತೆ ನಾನು ಹೇಗೆ ಜಗಳವಾಡಲಿ?

"ಪುಟ್ಟಿ," ಎಂದಳು ಅಕ್ಕ ತಲೆಯೆತ್ತಿ. ಅವಳ ಕಣ್ಣು ಊದಿಕೊಂಡಿದ್ದವು. "ನೀನೊಂದು ಸಲ ಹೋಗಿ ಕೂತ್ಕೋತೀಯೇನೇ ಅದರ ಹತ್ರ?"

"ಅದ್ಕೆ ನಾನು ಬೇಡ್ವಲ್ಲ. ನೀನೇ ಬೇಕು."

"ನಿನಗೂ ನಾನೇ ಬೇಕಲ್ವೇನೇ?" ಎಂದಳು. ಅಂದರೆ ಅವಳಿಗೆ ಎಲ್ಲ ಗೊತ್ತಿತ್ತು.

ನಾನು ಅಡುಗೆಮನೆಗೆ ಹೋಗಿ ಹುರುಳಿ ತುಂಬಿಕೊಂಡು ದೊಡ್ಡಿಗೆ ಹೋದೆ. ಕೆಂಚಿ ಸೊರಗಿತ್ತು. ಅದರ ಪಕ್ಕೆಲುಬು ಕಾಣುತ್ತಿತ್ತು. ನಾನು ಬೋಗುಣಿಯನ್ನು ಕುಕ್ಕಿ, ಅದಕ್ಕೆ ಬೆನ್ನು ಮಾಡಿ ಕೂತೆ. ಈ ಸಲ ಪುಸಲಾಯಿಸಲು ನನಗೆ ಮನಸ್ಸೇ ಇರಲಿಲ್ಲ. ಅದರ ಮೇಲೆ ಸಿಟ್ಟು, ಅಕ್ಕನ ಮೇಲೆ ಸಿಟ್ಟು, ಅತ್ತೆಯ ಮೇಲೆ ಸಿಟ್ಟು. ಬಿಸಿಲು ಏರಿತು. ಕಲ್ಲುಗೋಡೆ ಕಾಯತೊಡಗಿತು. ಒಣ ಹುಲ್ಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಂದು ಓತಿಕೇತ ಗೋಡೆಯ ಮೇಲೆ ತಲೆ ಕುಣಿಸುತ್ತಾ ನನ್ನನ್ನೇ ನೋಡುತ್ತಿತ್ತು. ಎಷ್ಟು ಹೊತ್ತು ಕೂತೆನೋ ತಿಳಿಯದು. ನನ್ನಷ್ಟಕ್ಕೇ ಅಳು ಬಂತು. ಅಳುತ್ತಾ, "ನಿಂಗೂ ಅವಳೇ ಬೇಕು, ನಂಗೂ ಅವಳೇ ಬೇಕು. ಇಬ್ರಿಗೂ ಇಲ್ಲ ಈಗ," ಎಂದು ಗೊಣಗಿದೆ.

ಬೆನ್ನ ಹಿಂದೆ ಗೊರಸಿನ ಸದ್ದಾಯಿತು. ನಾನು ತಿರುಗಲಿಲ್ಲ. ಕತ್ತಿನ ಮೇಲೆ ಬೆಚ್ಚನೆಯ ಉಸಿರು ಬಿತ್ತು. ಮೊನಚು ಮೀಸೆಗಳ ಮೆತ್ತನೆಯ ಮೂತಿಯೊಂದು ನನ್ನ ವಕ್ರ ಜಡೆಯನ್ನು ಮೂಸಿತು, ಕಿವಿಯನ್ನು ಮೂಸಿತು, ಅಕ್ಕನ ಹಳೆಯ ಲಂಗವನ್ನು ಕತ್ತರಿಸಿ ಹೊಲಿದಿದ್ದ ನನ್ನ ಫ್ರಾಕನ್ನು ತುಂಬಾ ಹೊತ್ತು ಮೂಸಿತು. ನಂತರ ಭುಜದ ಮೇಲಿನಿಂದ ಕೆಳಗಿಳಿಯಿತು. ಬೋಗುಣಿಯಲ್ಲಿ ಮೆಲ್ಲುವ ಸದ್ದು. ಅದರ ಕೆನ್ನೆಗೂ ನನ್ನ ಕೆನ್ನೆಗೂ ನಡುವೆ ಒಂದು ಬೆರಳು ಜಾಗವೂ ಇರಲಿಲ್ಲ. ಅಕ್ಕ ಯಾಕೆ ಅತ್ತಿದ್ದಳು ಎಂದು ಆಗ ಗೊತ್ತಾಯಿತು.

ಅರ್ಧ ತಿಂದು ಕೆಂಚಿ ತಲೆಯೆತ್ತಿ ಮತ್ತೆ ಬಾಗಿಲ ಕಡೆ ನೋಡಿತು. ನಾನು ಎದ್ದೆ. ಗೋಡೆಯ ಮೇಲಿದ್ದ ಸೀರೆ ಹಗ್ಗವನ್ನು ಮೂಸಲು ಕೊಟ್ಟು, ಕತ್ತಿಗೆ ಕಟ್ಟಿದೆ. ನಾಲಿಗೆಯಿಂದ ಟಕ್ ಎಂದೆ. ಅದು ಬಂದಿತು! ದೊಡ್ಡಿಯ ಗೇಟು ತೆಗೆದು, ಹಿತ್ತಲು ದಾಟಿ, ನೆಂಟರು ತುಂಬಿದ್ದ ಅಂಗಳದೊಳಕ್ಕೆ ನಾನೂ ಕೆಂಚಿಯೂ ನಡೆದೆವು. ಅವರೆಕಾಯಿ ಸುಲಿಯುತ್ತಿದ್ದ ಹೆಂಗಸರು ಮೊರ ಹಿಡಿದುಕೊಂಡು ಎದ್ದು ಚದುರಿದರು. ಅಪ್ಪ ಜಗಲಿಯಿಂದ ಧಡಕ್ಕನೆ ಇಳಿದವರು ಅಲ್ಲೇ ನಿಂತರು.

ಕೆಂಚಿ ಯಾರನ್ನೂ ನೋಡಲಿಲ್ಲ. ನೇರವಾಗಿ ಗುಡ್ಲಿನ ಮುಂದೆ ಹೋಗಿ, ಹಲಸಿನ ಸೊಪ್ಪಿಗೆ ಬಾಯಿ ಹಾಕಿ ಒಂದು ಕೊಂಬೆ ಎಳೆದು ಅಗಿಯತೊಡಗಿತು. ಮತ್ತೊಂದು ಕೊಂಬೆ ಎಳೆಯಿತು. ಗೋಡೆಯಲ್ಲಿ ಕಿಟಕಿಯಷ್ಟು ತೂತಾಯಿತು. ಆ ತೂತಿನಲ್ಲಿ ಅರಿಶಿನ ಹಚ್ಚಿದ ಅಕ್ಕನ ಮುಖ ಕಾಣಿಸಿತು.

"ಅಯ್ಯಯ್ಯೋ, ಶಾಸ್ತ್ರದ ಗುಡ್ಲು! ಓಡಿಸ್ರೋ ಅದನ್ನ!" ಎಂದು ಅತ್ತೆ ಸೌಟು ಹಿಡಿದು ಬಂದರು.

"ಬಿಡಕ್ಕಾ, ತಿನ್ಲಿ," ಎಂದು ಮಾವ ನಗುತ್ತಾ ಅಡ್ಡ ಬಂದರು. "ಗುಡ್ಲು ಕಟ್ಟಿದೋನು ನಾನು. ಇನ್ನೊಂದು ಕಟ್ತೀನಿ. ಹೊಟ್ಟೆಗಿಲ್ದೆ ಇದ್ದದ್ದು ತಿಂತಾ ಇದೆ, ಸೌಟು ಎತ್ತಬೇಡಿ."

ಅಕ್ಕ ತೂತಿನಿಂದ ಕೈ ಚಾಚಲಿಲ್ಲ, ಮುಟ್ಟಬಾರದಲ್ಲ. ಸುಮ್ಮನೆ ನೋಡಿದಳು. ಕೆಂಚಿ ಸೊಪ್ಪು ಅಗಿಯುತ್ತಾ ಅವಳನ್ನು ನೋಡಿತು. ಅಪ್ಪ ನನ್ನ ಕೈಯಲ್ಲಿದ್ದ ಹಗ್ಗವನ್ನೂ, ಹಲ್ಲು ತೋರಿಸದೆ ನನ್ನ ಪಕ್ಕ ನಿಂತಿದ್ದ ಕುದುರೆಯನ್ನೂ ಬಹಳ ಹೊತ್ತು ನೋಡಿದರು. ಸಂಜೆ ಇಟ್ಟಿಗೆ ಗೂಡಿನವನು ಬಂದಾಗ ಅವನಿಗೂ ಎಲೆ ಹಾಕಿಸಿ, ಅವರೆಕಾಳಿನ ಸಾರು ಮುದ್ದೆ ಬಡಿಸಿ, "ಕುದುರೆ ಕೊಡಕ್ಕಾಗಲ್ಲ ಕಣಪ್ಪ. ನಮ್ಮ ಚಿಕ್ಕವಳು ನೋಡ್ಕೋತಾಳೆ," ಎಂದು ಕಳಿಸಿದರು.

ಇಲ್ಲಿಗೆ ನನ್ನ ಹೊಟ್ಟೆಕಿಚ್ಚು ಮುಗಿಯಿತು ಅಂದುಕೊಂಡಿರಾ? ಇಲ್ಲ, ಅದು ಇನ್ನೊಬ್ಬರಿಗೆ ಅಂಟಿತು. ಗುಡ್ಲಿನಿಂದ ಹೊರಬಂದ ಮೇಲೂ ಅಕ್ಕನನ್ನು ಹೊಲದ ಕಡೆ ಕಳಿಸಲಿಲ್ಲ. ಸ್ಕೂಲಿನಿಂದ ಬಂದು ಕೆಂಚಿಯನ್ನು ಮೇಯಿಸಲು ಹೊಡೆದುಕೊಂಡು ಹೋಗುವವಳು ನಾನಾದೆ. ಅಕ್ಕ ಹೊಸ ದಾವಣಿ ಉಟ್ಟು ಬಾಗಿಲಲ್ಲಿ ನಿಂತು ನಾವು ಹೋಗುವುದನ್ನು ನೋಡುತ್ತಿದ್ದಳು. ನಾನು ಬಂದ ಕೂಡಲೇ, "ನೀನು ಕರೆದ್ರೆ ಬರುತ್ತಾ? ಓಡುತ್ತಾ? ನನ್ನ ಹುಡುಕ್ತಾ?" ಎಂದು ಕೇಳುತ್ತಿದ್ದಳು. ಒಂದು ದಿನ ನಾನು ಜಂಬದಿಂದ, "ಇಲ್ಲಪ್ಪ, ನನ್ನ ಜೊತೆನೇ ಆಡ್ತಾ ಇತ್ತು," ಎಂದೆ. ಮಾರನೆಯ ದಿನ ಅಕ್ಕ ನನ್ನ ಜಡೆಯನ್ನು ಎಷ್ಟು ಬಿಗಿಯಾಗಿ ಎಳೆದು ಹೆಣೆದಳೆಂದರೆ ಹುಬ್ಬು ಹಣೆಗೆ ಹತ್ತಿದವು. ನನಗೆ ಒಳಗೊಳಗೇ ಎಂಥ ಖುಷಿ! ಮೊದಲ ಸಲ ಅಕ್ಕ ನನ್ನನ್ನು ನೋಡಿ ಕರುಬಿದ್ದಳು. ಆದರೆ ಆ ಖುಷಿ ಬಹಳ ದಿನ ಉಳಿಯಲಿಲ್ಲ. ಬಾಗಿಲಲ್ಲಿ ನಿಂತ ಅವಳ ಮುಖ ನೋಡಲಾಗದೆ ನಾನೇ ಅಪ್ಪನ ಬೆನ್ನು ಬಿದ್ದೆ. "ನಾನು ಜೊತೆಗಿರ್ತೀನಲ್ಲಪ್ಪಾ, ಅಕ್ಕನೂ ಬರ್ಲಿ," ಎಂದು ಕಾಡಿ ಕಾಡಿ ಒಪ್ಪಿಸಿದೆ. ಆಮೇಲೆ ಮೂವರೂ ಹೋಗುತ್ತಿದ್ದೆವು. ಅಕ್ಕ ಬಲಗಡೆ, ನಾನು ಎಡಗಡೆ, ಕೆಂಚಿ ನಡುವೆ. ಇಬ್ಬರೂ ಒಟ್ಟಿಗೆ ಕರೆದರೆ ಅದು ಹೋಗುತ್ತಿದ್ದದ್ದು ಅಕ್ಕನ ಕಡೆಗೇ. ನನಗೆ ಪ್ರತಿ ಸಲವೂ ಚುರ್ ಎನ್ನುತ್ತಿತ್ತು.

ಕೆಲವು ವರ್ಷಗಳ ನಂತರ ಮಾತು ನಿಜವಾಯಿತು. ಹೊಲ, ದ್ರಾಕ್ಷಿ ತೋಟ, ಕಲ್ಲು ದೊಡ್ಡಿ ಎಲ್ಲ ವಿಮಾನ ನಿಲ್ದಾಣಕ್ಕೆ ಸೇರಿದವು. ನಾವು ದೊಡ್ಡಬಳ್ಳಾಪುರ ರಸ್ತೆಯ ಈ ಮನೆಗೆ ಬಂದೆವು. ಲಾರಿ ಹತ್ತಲು ಒಪ್ಪದ ಕೆಂಚಿಯನ್ನು ಅಪ್ಪನೂ ನಾನೂ ನಡೆಸಿಕೊಂಡೇ ಬಂದೆವು. ಅಷ್ಟರಲ್ಲಿ ಅಕ್ಕನ ಮದುವೆಯಾಗಿತ್ತು. ನಿಮ್ಮ ಅಮ್ಮ ಪುಟ್ಟ ಮಗುವಾಗಿದ್ದಾಗ ಕೆಂಚಿಯ ಬೆನ್ನ ಮೇಲೆ ಕೂತು ಜುಟ್ಟು ಹಿಡಿದು ಕೇಕೆ ಹಾಕುತ್ತಿದ್ದಳು. ಕೆಂಚಿ ಮುದಿಯಾಗಿ, ಒಂದು ಮಧ್ಯಾಹ್ನ ನಮ್ಮ ಹುಣಸೆ ಮರದ ನೆರಳಿನಲ್ಲಿ ಮಲಗಿದ್ದು ಮತ್ತೆ ಏಳಲಿಲ್ಲ. ಅಕ್ಕ ಗಂಡನ ಮನೆಯಿಂದ ಬಂದಳು. ಇಬ್ಬರೂ ಅದರ ಒಂದೊಂದು ಬದಿ ಕೂತು ಅತ್ತೆವು.

ಈಗ ಆ ಹುಲ್ಲುಗಾವಲಿನ ಮೇಲೆ ವಿಮಾನಗಳು ಓಡುತ್ತವೆ. ನೀವು ರಜೆಯಲ್ಲಿ ವಿಮಾನ ಹತ್ತಿದಾಗ ಕಿಟಕಿಗೆ ಮೂಗು ಒತ್ತಿ ನೋಡುತ್ತೀರಲ್ಲ, ಅಲ್ಲೇ ಎಲ್ಲೋ ನಮ್ಮ ದೊಡ್ಡಿ ಇತ್ತು. ನಿಮಗೆ ಬೇರೆ ಬೇರೆ ಕೋಣೆ, ಬೇರೆ ಬೇರೆ ಮಂಚ. ಒಂದೇ ಕಂಬಳಿಗಾಗಿ ಎಳೆದಾಡುವುದು ನಿಮಗೆ ಗೊತ್ತಿಲ್ಲ. ಪ್ರತಿ ಶನಿವಾರ ಕಾರಿನಲ್ಲಿ ಕುದುರೆ ಸವಾರಿ ಕಲಿಯಲು ಹೋಗುತ್ತೀರಿ. ಹೆಲ್ಮೆಟ್ಟು, ಬೂಟು, ಕಲಿಸಲು ಒಬ್ಬ ಮೇಷ್ಟ್ರು. ಅಲ್ಲಿನ ಕುದುರೆ ಎಷ್ಟು ಸಾಧು! ಯಾರು ಹತ್ತಿದರೂ ನಡೆಯುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ. ಮಕ್ಕಳು ಸಾಲಿನಲ್ಲಿ ನಿಂತು ಸರದಿ ಕಾಯುತ್ತಾರೆ. ಇಂಥ ಕುದುರೆಗಾಗಿ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ನಾನು ಅಂದುಕೊಂಡಿದ್ದೆ.

ಹೋದ ಶನಿವಾರ, ಚಿನ್ನೂ, ನೀನು ಮುಖ ಊದಿಸಿಕೊಂಡು ಬಂದೆ. ಊಟ ಬೇಡ ಎಂದೆ, ಐಸ್‌ಕ್ರೀಮೂ ಬೇಡ ಎಂದೆ. ನಿನ್ನ ಕುದುರೆ ಬೇರೆ ಯಾವುದೋ ಹುಡುಗಿಯ ಜೇಬಿಗೆ ಮೂತಿ ಹಾಕಿ ಕ್ಯಾರೆಟ್ ತಿಂದಿತಂತೆ. ಅಷ್ಟಕ್ಕೆಲ್ಲ ಯಾಕೆ ಅಳಬೇಕು ಎಂದು ನಿಮ್ಮ ಅಮ್ಮನಿಗೆ ತಿಳಿಯಲೇ ಇಲ್ಲ. ನಾನೂ ನಿಮ್ಮ ಅಜ್ಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಇಬ್ಬರೂ ಬಂದು ನಿನ್ನ ಒಂದೊಂದು ಪಕ್ಕದಲ್ಲಿ ಕೂತೆವು.